ನಾಲ್ಕು ಗಂಟೆಯ ಗಾಡಿ

ಎದುರುಮನೆಯವರು ಹಳೇ ಆಂಬುಲೆನ್ಸ್ ಒಂದನ್ನು ಕೊಂಡು ತಂದು ಬೀದಿಯಲ್ಲಿ ನಿಲ್ಲಿಸಿದ ದಿನ ಮೂಲೆಮನೆ ಅಜ್ಜಿ ಕೋಲೂರಿಕೊಂಡು ಬಂದು ನಿಂತರು.

“ಅದರೊಳಗೆ ಎಷ್ಟು ಹೆಣ ಮಲಗಿದ್ದವೋ ಏನೋ. ತಂದು ಮನೆ ಮುಂದೆ ನಿಲ್ಸಿದ್ದೀಯಲ್ಲ, ನಿಂಗೇನು ಗ್ಯಾನ ಅದಾ?”

ಎದುರುಮನೆಯವರು ಮುಂದಿನ ಟೈರಿಗೆ ನೀರು ಎರಚುತ್ತಿದ್ದವರು ತಿರುಗಿಯೂ ನೋಡಲಿಲ್ಲ. “ಹೆಣ ಆಗದೆ ಇರ್ಲಿ ಅಂತ ತಾನೇ ಅಜ್ಜಿ ಇದರಲ್ಲಿ ಮಲಗ್ಸಿ ಓಡ್ಸೋದು? ಹೆಣಕ್ಕೇನು ಅರ್ಜೆಂಟು? ಇದು ಬದುಕೋರ ಗಾಡಿ.”

“ಬಾಯಿಗೇನೂ ಕಮ್ಮಿ ಇಲ್ಲ. ಚಕ್ರಕ್ಕೆ ನಿಂಬೆಹಣ್ಣಾದ್ರೂ ಇಡು.”

ಬೀದಿಯವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಮಾತು ಅಷ್ಟು ಚುರುಕಾಗಿದ್ದರೂ ನೀರಿನ ಮಗ್ಗು ಹಿಡಿದ ಅವರ ಕೈ ನಡುಗುತ್ತಿದ್ದುದು ನಮ್ಮ ಜಗಲಿಗೆ ಕಾಣುತ್ತಿತ್ತು. ಆ ಮನುಷ್ಯನ ಹೆದರಿಕೆ ಯಾವತ್ತೂ ಮುಖಕ್ಕೆ ಬರುತ್ತಿರಲಿಲ್ಲ, ಕೈಗೆ ಬರುತ್ತಿತ್ತು.

ಹೆಸರು ಬರೆಯುವುದಿಲ್ಲ. ಅವರಿಗೆ ಇಷ್ಟವಾಗುತ್ತಿರಲಿಲ್ಲ. ನಂಜನಗೂಡಿನಿಂದ ತಿರುಮಕೂಡಲು ನರಸೀಪುರಕ್ಕೆ ಬಸ್ಸು ಓಡಿಸಿಕೊಂಡಿದ್ದು ನಿವೃತ್ತರಾದವರು, ಆ ರಸ್ತೆಯಲ್ಲಿ ಓಡಾಡಿದ ಹಳಬರಿಗೆ ಇಷ್ಟು ಹೇಳಿದರೆ ಸಾಕು, ಗುರುತು ಹತ್ತುತ್ತದೆ. ಬಸ್ಸು ಹತ್ತುವ ಮೊದಲು ಮುಂದಿನ ಟೈರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರಲ್ಲ, ಕಿಟಕಿಯ ಹತ್ತಿರ ಯಾರಾದರೂ ಮಗು ಎತ್ತಿಕೊಂಡು ನಿಂತಿದ್ದರೆ ಗಾಡಿಯನ್ನೇ ಕದಲಿಸುತ್ತಿರಲಿಲ್ಲವಲ್ಲ, ಅವರು.

ಅವರಿಗೆ ಎಲ್ಲದಕ್ಕೂ ಭಯ. ಗ್ಯಾಸ್ ಒಲೆ ಆರಿಸಿದ ಮೇಲೆ ಮೂಗು ಹತ್ತಿರ ಒಯ್ದು ಮೂಸಿ ನೋಡುವರು. ಗುಡುಗಿದರೆ ಮೊದಲು ನಮ್ಮ ಮನೆ ಬಾಗಿಲು ಬಡಿದು, “ಟೀವಿ ವೈರು ಕಿತ್ತಾಕಮ್ಮಾ” ಎಂದು ಹೇಳಿ ಆಮೇಲೆ ತಮ್ಮ ಮನೆಗೆ ಓಡುವರು. ಯಾರು ಯಾವ ವಿಷಯಕ್ಕೆ ಸಲಹೆ ಕೇಳಿದರೂ ಅವರದು ಒಂದೇ ಉತ್ತರ, “ಬ್ರೇಕ್ ಮೇಲೆ ಕಾಲಿರ್ಲಿ.” ನಮ್ಮ ಮಗಳ ಮದುವೆ ಮಾತುಕತೆಗೆ ಬಂದು ಕೂತಿದ್ದಾಗಲೂ, ಗಂಡಿನ ಕಡೆಯವರು ಕೈತೊಳೆಯಲು ಎದ್ದ ಸಂದು ನೋಡಿ ನಮ್ಮ ಯಜಮಾನರ ಕಿವಿಯಲ್ಲಿ ಅದನ್ನೇ ಹೇಳಿದ್ದರು. ಯಜಮಾನರು ನಗು ತಡೆಯಲಾರದೆ ಪಾಯಸ ನೆತ್ತಿಗೇರಿಸಿಕೊಂಡರು.

ಅಂಥವರು ಮನೆ ಬಿಟ್ಟು ಹೋಗಿ ಮರದ ಕೆಳಗೆ, ತೋಟದ ಅಂಚಿನಲ್ಲಿ, ಗಾಡಿಯೊಳಗೆ ರಾತ್ರಿ ಕಳೆಯತೊಡಗಿದರೆಂದರೆ ಅದು ಶೋಕಿಗಲ್ಲ.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಈಗಲೂ ಹಾಗೇ ಎನ್ನುತ್ತೇನೆ. ಮದುವೆಯಾಗಿ ಈ ಬೀದಿಗೆ ಬಂದಾಗ ನನಗೆ ಅವರೆಕಾಳು ಹಿತುಕುವುದನ್ನೂ ಮುದ್ದೆ ತಿರುವುವುದನ್ನೂ ಕಲಿಸಿದವರು ಅವರು. ಸಾರಿನ ವಾಸನೆಯಲ್ಲೇ ಉಪ್ಪು ಕಮ್ಮಿಯೋ ಜಾಸ್ತಿಯೋ ಹೇಳುತ್ತಿದ್ದ ಹೆಂಗಸು. ಅವರಿಗೆ ಮರೆವು ಹತ್ತಿತು. ಮೊದಲು ಕಾಫಿಗೆ ಉಪ್ಪು ಬಿತ್ತು, ನಕ್ಕೆವು. ಆಮೇಲೆ ಒಂದೇ ಬೆಳಗ್ಗೆ ಮತ್ತೆ ಮತ್ತೆ ಬಂದು “ಇವತ್ತು ಯಾವ ವಾರ?” ಎಂದು ಕೇಳತೊಡಗಿದರು. ಆಮೇಲೆ ಶುರುವಾದದ್ದು ನಾಲ್ಕು ಗಂಟೆಯ ಮಾತು.

ಸಂಜೆ ನಾಲ್ಕಾಗಿ ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಅಕ್ಕ ಎದ್ದು, ಸೆರಗು ಸರಿಮಾಡಿಕೊಂಡು, ಸಂಚಿ ಸೊಂಟಕ್ಕೆ ಸಿಕ್ಕಿಸಿ, “ಸರಿ, ಮನೆಗೋಗಣ ನಡೀರಿ” ಎನ್ನುವರು. ಕೂತಿರುವುದು ತಮ್ಮದೇ ಮನೆಯಲ್ಲಿ. ಅವರೇ ಪೈಸೆ ಪೈಸೆ ಕೂಡಿಸಿ ಕಟ್ಟಿಸಿದ ಮನೆ.

ಮಗಳು ಶೋಭಾ, ಅಳಿಯ ಇಬ್ಬರೂ ಅದೇ ಮನೆಯಲ್ಲಿದ್ದರು. ಶೋಭಾ ಶಾಲೆಯಲ್ಲಿ ಟೀಚರು. ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ತಾಯಿಗೂ ಹೇಳುವಳು, “ಅಮ್ಮ, ಇದೇ ಮನೆ. ನೋಡಿಲ್ಲಿ, ಇದು ನಿನ್ನ ಮಂಚ. ಯಾವ ಮನೆಗೆ ಹೋಗ್ಬೇಕು ನಿಂಗೆ?” ಆ ಪ್ರಶ್ನೆಗೆ ಅಕ್ಕ ಕಕ್ಕಾಬಿಕ್ಕಿಯಾಗಿ ಅಳತೊಡಗುವರು.

ಅಕ್ಕನ ಯಜಮಾನರು ಮಾತ್ರ ಆ ಪ್ರಶ್ನೆಯನ್ನು ಒಂದು ದಿನವೂ ಕೇಳಲಿಲ್ಲ. ನಾನೊಮ್ಮೆ ಅದೇಕೆ ಎಂದೆ.

“ಎಲ್ಲಿಗೆ ಅಂತ ಕೇಳೋದು ಕಂಡಕ್ಟರ್ ಕೆಲ್ಸ ಕಣಮ್ಮ. ನಾನು ಡ್ರೈವರು. ಹೊರಡು ಅಂದ್ರೆ ಹೊರಡೋದು.”

ಹೊರಟೂ ನೋಡಿದ್ದರು. ಬಾಡಿಗೆ ಕಾರು ಮಾಡಿ ಬಿಳಿಗೆರೆ ಆಚೆಯ ಅಕ್ಕನ ತವರಿಗೆ ಕರೆದುಕೊಂಡು ಹೋದರು. ಅಕ್ಕ ಮನೆಯನ್ನು ನೋಡಿ, ತಮ್ಮನ ಹೆಂಡತಿ ಕೊಟ್ಟ ಮಜ್ಜಿಗೆ ಕುಡಿದು, “ಇದಲ್ಲ” ಎಂದರು. ಮದುವೆಯಾದ ಹೊಸತರಲ್ಲಿ ನರಸೀಪುರದಲ್ಲಿ ಬಾಡಿಗೆಗಿದ್ದ ವಠಾರಕ್ಕೆ ಹೋದರು. “ಇದಲ್ಲ.” ಆದರೆ ದಾರಿಯುದ್ದಕ್ಕೂ ಅಕ್ಕ ಅಳಲಿಲ್ಲವಂತೆ. ಕಿಟಕಿಗೆ ತಲೆಯೊರಗಿಸಿ, ಹೊಲ ನೋಡುತ್ತ, ತಮ್ಮಷ್ಟಕ್ಕೆ ಗುನುಗಿಕೊಂಡು ಕೂತಿದ್ದರಂತೆ. “ಅವಳಿಗೆ ಮನೆ ಬೇಕಿಲ್ಲ. ಹೊರಟ್ರೆ ಸಾಕು” ಎಂದು ಅವರು ನಿಶ್ಚಯ ಮಾಡಿಕೊಂಡದ್ದು ಆ ಪ್ರಯಾಣದಲ್ಲಿ. ಹೊರಟೂ ಹೊರಟೂ ರಾತ್ರಿಯಾದರೆ ಮಲಗಲು ಜಾಗ ಬೇಕಲ್ಲ. ಅದಕ್ಕೆ ಆಂಬುಲೆನ್ಸು.

ಗಾಡಿಗೆ ಕೆನೆಬಣ್ಣ ಬಳಿಸಿದರು. ಬಿಸಿಲು ನೇರವಾಗಿ ಬಿದ್ದಾಗ ಬಣ್ಣದಡಿಯ ಕೆಂಪು ಪಟ್ಟೆ ಮಾತ್ರ ಮಾಸಲಾಗಿ ಕಾಣುತ್ತಿತ್ತು. ಹಿಂದಿನ ಬಾಗಿಲಿಗೆ ತಮ್ಮ ಮನೆ ಬಾಗಿಲಿನದೇ ಹಸಿರು ಬಣ್ಣ, ಅದೇ ಡಬ್ಬದ್ದು. ಒಳಗೆ ಎರಡು ಹಲಗೆಮಂಚ, ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಕ್ಯಾನು, ಅಕ್ಕನ ಹಳೇ ಸೀರೆಯ ಪರದೆ, ತಂತಿಯಿಂದ ಬಿಗಿದು ಕಟ್ಟಿದ ತುಳಸಿ ಕುಂಡ. ನಿಲ್ಲಿಸಿದ ಕಡೆಯಲ್ಲೆಲ್ಲ ಬಾಗಿಲ ಮುಂದೆ ಒಂದು ಎಳೆ ರಂಗೋಲಿ ಹಾಕುವ ಕೆಲಸ ನನ್ನದು. ಶೋಭಾಗೆ ಶಾಲೆ ಇದ್ದಾಗ ಅಕ್ಕನ ಜೊತೆ ಒಬ್ಬ ಹೆಂಗಸು ಬೇಕಿತ್ತು, ಸ್ನಾನಕ್ಕೆ, ಹೊರಗೆ ಹೋಗುವುದಕ್ಕೆ. ನಮ್ಮ ಯಜಮಾನರು ಫ್ಯಾಕ್ಟರಿ ಶಿಫ್ಟಿನಲ್ಲಿ, ಮಗಳು ಗಂಡನ ಮನೆಯಲ್ಲಿ. ನಾನು ಹೋಗುತ್ತಿದ್ದೆ.

ಸೋಮನಾಥಪುರದ ಹತ್ತಿರ ಒಂದು ಬೇವಿನ ಮರ, ಬಿಳಿಗೆರೆ ದಾರಿಯಲ್ಲಿ ಒಂದು ಹುಣಸೆ ತೋಪು, ಹೀಗೆ ಅವರ ಜಾಗಗಳು. ಹೊಳೆಯ ದಂಡೆಗೆ ಎಷ್ಟು ಕೇಳಿದರೂ ಹೋಗುತ್ತಿರಲಿಲ್ಲ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಆ ಕಲ್ಲಿಗೆ ಇನ್ನೊಂದು ಕಲ್ಲು ಕೊಡುವರು. ಗಾಡಿಯ ಮುಸುಡಿ ಯಾವಾಗಲೂ ರಸ್ತೆ ಕಡೆಗೆ. ಮಲಗುವಾಗ ಹಿಂದಿನ ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ತಾವೇ ಅಗುಳಿಯಂತೆ ಬಿದ್ದುಕೊಳ್ಳುವರು.

“ಅಪ್ಪ, ಅಮ್ಮ ಏನು ನಿಮ್ಮನ್ನ ದಾಟ್ಕೊಂಡು ಹೋಗಲ್ವಾ?” ಎಂದು ಶೋಭಾ ಕೇಳಿದ್ದಳು.

“ದಾಟೋಳಲ್ಲ. ಗಂಡನ್ನ ದಾಟಬಾರ್ದು ಅನ್ನೋದು ಇನ್ನೂ ಮರ್ತಿಲ್ಲ ಅವಳು.”

“ಗಂಡ ಅನ್ನೋದು?”

ಅವರು ಚಾಪೆಯನ್ನು ಬಾಗಿಲಿಗೆ ಇನ್ನಷ್ಟು ಒತ್ತಿ ಹಾಸಿದರು. ಶೋಭಾಗೆ ತನ್ನ ಮಾತು ತನಗೇ ಚುಚ್ಚಿರಬೇಕು, ಸುಮ್ಮನೆ ಪರದೆ ಎಳೆದುಕೊಂಡಳು.

ಸೋಸಲೆ ಹತ್ತಿರದ ತೆಂಗಿನ ತೋಟಕ್ಕೆ ಹೋದದ್ದು ಚಳಿಗಾಲದಲ್ಲಿ, ಕಬ್ಬು ಕಟಾವು ನಡೆಯುತ್ತಿದ್ದ ಕಾಲ. ಶೋಭಾಗೂ ರಜೆ ಇತ್ತು. ತೋಟದ ಯಜಮಾನ ಸಿದ್ದರಾಜು, ಹಳೇ ಪರಿಚಯ. ಚಿಕ್ಕವನಿದ್ದಾಗಿನಿಂದ ಇವರ ಬಸ್ಸಿನಲ್ಲೇ ಓಡಾಡಿದವನು. ತೋಟಕ್ಕೆ ಹೊಂದಿಕೊಂಡು ಒಂದು ನಾಲೆ, ನಾಲೆಯ ಏರಿ ಮೇಲೆ ಒಂದು ಕಾಲುದಾರಿ, ಅದರಾಚೆ ಆಳುದ್ದ ನಿಂತ ಕಬ್ಬು. ಕಾಲುದಾರಿಯ ತುದಿಯಲ್ಲಿ ಒಂದು ಮೋರಿ, ಮೋರಿಯಿಂದಾಚೆ ಡಾಂಬರು ರಸ್ತೆ.

ಗಾಡಿ ನಿಲ್ಲಿಸಿ, ರಂಗೋಲಿ ಹಾಕಿ, ಅಕ್ಕನನ್ನು ತೆಂಗಿನ ಮರದ ಬುಡದಲ್ಲಿ ಕೂರಿಸಿ, ಉಪ್ಪಿಟ್ಟು ತಿಂದು ಎಲ್ಲ ಆದ ಮೇಲೆ ಸಿದ್ದರಾಜು ತಲೆ ಕೆರೆಯುತ್ತ ಬಂದ.

“ಸಾ, ಒಂದ್ ಮಾತ್ ಏಳ್ಬೇಕಾಗಿತ್ತು. ರಾತ್ರಿ ಇರಾದು ಬ್ಯಾಡ ಕಣ್ಸಾ. ಮೊನ್ನೆ ಆಚೆ ತೋಟದಲ್ಲಿ ಕರ ಎಳ್ಕೊಂಡೋಗದೆ.”

“ಏನು?”

“ಇನ್ನೇನ್ಸಾ, ಚಿರ್ತೆ. ಕಬ್ಬು ಕಡೀತಾ ಬಂದಂಗೆ ಅದು ಈಚೆ ಗದ್ದೆಗೆ, ಈ ಗದ್ದೆಯಿಂದ ಆ ಗದ್ದೆಗೆ, ಇಂಗೇ ಸರೀತದೆ. ಬೋನಿಟ್ಟವ್ರೆ. ನಾಯಿ ಕಟ್ಟವ್ರೆ ಅದ್ರೊಳಗೆ. ನಾಯಿ ದಿನಾ ಅನ್ನ ತಿನ್ಕೊಂಡು ದಪ್ಪಾಯ್ತದೆ, ಅದ್ ಮಾತ್ರ ಬರಾಕಿಲ್ಲ.”

“ಫೋನ್ ಮಾಡಿದಾಗ್ಲೇ ಹೇಳ್ಬಾರ್ದಾಗಿತ್ತೇನೋ?”

“ಏಳಿದ್ರೆ ನೀವ್ ಬತ್ತಿದ್ರಾ? ಅಕ್ಕಾರ್ನ ನೋಡಿ ಎಷ್ಟ್ ದಿನ ಆಗಿತ್ತು.”

ಅವರು ತಟ್ಟೆಯನ್ನು ಕೆಳಗಿಟ್ಟರು.  ಆಗಲೇ ಹೊರಡುವವರೇ ಇದ್ದರು, ಆದರೆ ಅಕ್ಕ ಆ ದಿನ ಎಷ್ಟೋ ವಾರಗಳ ಮೇಲೆ ನೆಮ್ಮದಿಯಾಗಿ ಕೂತಿದ್ದರು. ತೆಂಗಿನ ಗರಿಯಿಂದ ಕಡ್ಡಿ ಸೀಳಿ ಸೀಳಿ ಪೊರಕೆಗೆ ಜೋಡಿಸುತ್ತಿದ್ದರು. ಬೆರಳುಗಳಿಗೆ ಎಲ್ಲ ನೆನಪಿತ್ತು. “ಇದನ್ನ ನೋಡಿ ಎಬ್ಬಿಸೋಕೆ ಮನಸು ಬರ್ತಿಲ್ಲ ಕಣಮ್ಮ” ಎಂದರು. ಟೀ ಕುಡಿದು, ಬೆಳಕಿರುವಾಗಲೇ ಹೊರಟುಬಿಡುವುದು ಎಂದು ತೀರ್ಮಾನವಾಯಿತು.

ಟೀ ಆಯಿತು. ನಾನೂ ಶೋಭಾನೂ ಪಾತ್ರೆ ತೊಳೆಯಲು ನಾಲೆಯ ಮೆಟ್ಟಿಲಿಗೆ ಇಳಿದೆವು. ಅವರು ಚಕ್ರದ ಕಲ್ಲು ತೆಗೆಯುತ್ತಿದ್ದರು. ಗದ್ದೆ ಕೆಲಸ ಮುಗಿಸಿದ ಹೆಂಗಸರು ಹುಲ್ಲಿನ ಹೊರೆ ಹೊತ್ತು ಏರಿ ಮೇಲೆ ಬರುತ್ತಿದ್ದರು. ಬಿಸಿಲು ಕಬ್ಬಿನ ತುದಿಯ ಸೂಲಂಗಿಯ ಮೇಲೆ ಮಾತ್ರ ಉಳಿದಿತ್ತು.

ಪಾತ್ರೆ ತೊಳೆದು ಮೇಲೆ ಬಂದರೆ ತೆಂಗಿನ ಮರದ ಕೆಳಗೆ ಕಡ್ಡಿಗಳು ಹಾಗೇ ಬಿದ್ದಿದ್ದವು.

“ಅಮ್ಮ ಎಲ್ಲಿ?” ಎಂದಳು ಶೋಭಾ.

ಅವರು ಗಾಡಿಯ ಅಡಿಯಿಂದ ಎದ್ದರು. “ನಿಮ್ಮ ಹತ್ರ ಬರ್ಲಿಲ್ವಾ?”

“ಇಲ್ಲ.”

“ಚೊಂಬು ತಗೊಂಡು ಹೊರಟ್ಲು. ನಿಮ್ಮ ಕಡೆನೇ ಬಂದ್ಳಲ್ಲ… ಏರಿ ಮೇಲೆ…”

ಚೊಂಬು ಎಂದರೆ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚೊಂಬು ಹಿಡಿದು ಹೊಲದ ಕಡೆ ಹೊರಟವರನ್ನು ಯಾರೂ ಮಾತಾಡಿಸುವುದಿಲ್ಲ. ಎದುರಾದರೆ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಅದು ಮರ್ಯಾದೆ. ಅದರಲ್ಲೂ ಸಂಜೆಯ ಹೊತ್ತು ಹೆಂಗಸರು ಓಡಾಡುವ ಏರಿಯ ಮೇಲೆ ಗಂಡಸು, ಹೆಂಡತಿಯ ಹಿಂದೆಯೇ ಆದರೂ, ಹೆಜ್ಜೆ ಇಡುವಂತಿಲ್ಲ. ಅವರು ನೋಡಿದ್ದರು. ಹೆಂಗಸರಿದ್ದಾರೆ, ನಾವು ಅಲ್ಲೇ ಇದ್ದೇವೆ ಎಂದುಕೊಂಡು ತಲೆತಗ್ಗಿಸಿ ಕಲ್ಲು ಎಳೆಯತೊಡಗಿದ್ದರು.

ಸಿದ್ದರಾಜು ಓಡಿಬಂದ. ಅವನೂ ನೋಡಿದ್ದ. “ನಮ್ ತೊಟ್ಟಿ ತಾವ್ಲಿಂದ ಓದ್ರು ಸಾ. ಕೈನಾಗೆ ಚೊಂಬಿತ್ತು. ನಾನ್ ಮಕ ತಿರುಗ್ಸ್ಕಂಡೆ.”

ಹುಲ್ಲಿನ ಹೊರೆಯ ಹೆಂಗಸರನ್ನು ತಡೆದು, ಅಕ್ಕನಿಗೆ ಮರೆವು ಎಂದು ಹೇಳಿ ಕೇಳಿದೆವು. ಅವರಲ್ಲಿ ಹಿರಿಯಳು ಹೊರೆಯನ್ನು ಇಳಿಸಿಯೇ ಬಿಟ್ಟಳು. “ಊ ಕಣವ್ವ, ಕೆಂಪ್ ಸೀರೆಯೋರು. ನಮಗ್ ಎದ್ರಾಗೇ ಓದ್ರು. ಚೊಂಬ್ ಇಡ್ಕಂಡವ್ರಲ್ಲಾ ಅಂತ ನಾವ್ ಪಕ್ಕಕ್ ಸರ್ದು ದಾರಿ ಬುಟ್ಟೋ. ಅಯ್ಯೋ ಶಿವ್ನೆ, ಆವಮ್ಮಂಗೆ ಮರುವಾ?”

ಎಲ್ಲರೂ ನೋಡಿದ್ದರು. ಎಲ್ಲರೂ ಮುಖ ತಿರುಗಿಸಿ ದಾರಿ ಬಿಟ್ಟಿದ್ದರು.

ಏರಿಯ ಮೇಲೆ ಓಡಿದೆವು. ನಾಲೆಯ ನೀರು ಹರಿದು ಹಸಿಯಾಗಿದ್ದ ಒಂದು ಕಡೆ ಅಕ್ಕನ ಬರಿಗಾಲಿನ ಗುರುತು ಕಂಡಿತು. ಹೆಬ್ಬೆರಳು ಒಳಕ್ಕೆ ಬಾಗಿದ ಪಾದ, ಶೋಭಾ ತಕ್ಷಣ ಗುರುತು ಹಿಡಿದಳು. ಹೆಜ್ಜೆ ಕಬ್ಬಿನ ಸಾಲಿಗೆ ತಿರುಗಿತ್ತು. ಸಿದ್ದರಾಜು ಅಲ್ಲೇ ಕುಕ್ಕರುಗಾಲಲ್ಲಿ ಕೂತ. ಅಕ್ಕನ ಹೆಜ್ಜೆಯ ಪಕ್ಕದಲ್ಲಿ ಇನ್ನೊಂದು ಗುರುತಿತ್ತು. ಹೂವಿನ ಹಾಗೆ ದುಂಡಗೆ, ಉಗುರಿಲ್ಲದೆ.

“ನಾಯೀದಾ?” ಎಂದೆ. ನಾಯಿಯದಾಗಿರಲಿ ಎಂದು ಬೇಡಿಕೊಂಡ ಹಾಗಿತ್ತು ನನ್ನ ದನಿ.

ಅವನು ಅಂಗೈಯಿಂದ ಅದನ್ನು ಮುಚ್ಚಿ, ಅವರ ಕಡೆ ನೋಡಿ, “ಇದು ಅಳೇದು ಸಾ” ಎಂದ. ಅವರಿಗೆ ಆ ಸುಳ್ಳು ಗೊತ್ತಾಯಿತು. ನನಗೂ ಗೊತ್ತಾಯಿತು. ಗುರುತಿನೊಳಕ್ಕೆ ನೀರು ಇನ್ನೂ ಜಿನುಗುತ್ತಿತ್ತು.

ಶೋಭಾ “ಅಮ್ಮಾ” ಎಂದು ಕಿರುಚತೊಡಗಿದಳು. ಹೆಂಗಸರು ಕುಡುಗೋಲಿನ ಹಿಡಿಯಿಂದ ನಾಲೆಯ ತೂಬಿನ ತಗಡು ಬಾಗಿಲನ್ನು ಬಡಿದರು. ಊರ ಕಡೆಯಿಂದ ಗಂಡಸರು ದೊಣ್ಣೆ ಹಿಡಿದು ಬರುತ್ತಿದ್ದ ಸದ್ದು ಕೇಳಿತು. ಕಬ್ಬಿನೊಳಗಿಂದ ಮಾತ್ರ ಏನೂ ಇಲ್ಲ. ಕಬ್ಬಿನ ಗದ್ದೆ ಹತ್ತಿರ ನಿಂತವರಿಗೆ ಗೊತ್ತು, ಗಾಳಿ ಇಲ್ಲದಾಗಲೂ ಅದು ತಣ್ಣಗೆ ಸದ್ದು ಮಾಡುತ್ತಲೇ ಇರುತ್ತದೆ. 

ಅವರು ಕೂಗಲಿಲ್ಲ. ಹೆಂಡತಿಯನ್ನು ಹೆಸರು ಹಿಡಿದು ಕರೆದವರೇ ಅಲ್ಲ, ಕರೆದರೂ ಈಗೀಗ ಅಕ್ಕ ಹೆಸರಿಗೆ ತಿರುಗುತ್ತಿರಲಿಲ್ಲ. ಕಬ್ಬಿನೊಳಕ್ಕೆ ನುಗ್ಗಲು ಹೋದರು. ಸಿದ್ದರಾಜು ಸೊಂಟ ಹಿಡಿದು ಎಳೆದ. “ಒಳೀಕೆ ಓದ್ರೆ ನಿಮ್ನೂ ಉಡುಕ್ಬೇಕಾಯ್ತದೆ ಸಾ!” ಅವನನ್ನು ಕೊಡವಿಕೊಂಡು ಹಿಂದಕ್ಕೆ ಓಡಿದರು, ಗಾಡಿಯ ಕಡೆಗೆ. ನಾನು ಒಂದು ಗಳಿಗೆ ಏನೇನೋ ಅಂದುಕೊಂಡೆ. ಹೆದರಿ ಓಡಿದರು ಎಂದೂ ಅಂದುಕೊಂಡಿರಬೇಕು.

ಗಾಡಿ ಶುರುವಾಯಿತು. ನಾಲೆಯ ಪಕ್ಕದ ಬಂಡಿ ಜಾಡಿನಲ್ಲಿ ಅದನ್ನು ನಿಧಾನವಾಗಿ, ಮೊದಲನೇ ಗೇರಿನಲ್ಲಿ, ಎರಡೂ ಹಿಂದಿನ ಬಾಗಿಲು ತೆರೆದುಕೊಂಡೇ ಮೋರಿಯ ಕಡೆ ತಂದರು. ನಾವು ಪಕ್ಕದಲ್ಲಿ ಓಡುತ್ತಿದ್ದೆವು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಕೂಗತೊಡಗಿದರು.

“ಬಿಳಿಗೆರೆ, ನಂಜನಗೂಡ್! ನಂಜನಗೂಡ್, ನಂಜನಗೂಡ್, ನಂಜನಗೂಡ್! ಹತ್ತೋರು ಹತ್ತ್ರೀ! ಲಾಸ್ಟ್ ಬಸ್ಸು, ನಂಜನಗೂಡ್!”

ಮೋರಿಯ ಹತ್ತಿರ ಬಂದಾಗ ಕಬ್ಬು ಅಲುಗಿತು. ಸಿದ್ದರಾಜು ದೊಣ್ಣೆ ಎತ್ತಿದ. ಸೀಳಿದ ಗರಿಗಳ ನಡುವಿನಿಂದ ಮೊದಲು ಚೊಂಬು ಬಂತು, ಆಮೇಲೆ ಕೆಂಪು ಸೀರೆ. ಅಕ್ಕನ ಕೆನ್ನೆಯ ಮೇಲೆ ಕಬ್ಬಿನ ಗರಿ ಗೀರಿದ ರಕ್ತ. ತಲೆಯಲ್ಲಿ ಕಸ. ಮುಖದಲ್ಲಿ ಬರೀ ಸಿಟ್ಟು.

“ಎಷ್ಟೊತ್ತಪ್ಪ ಕಾಯೋದು? ಒಂದು ಟೈಮು ಅಂತ ಇಲ್ವಾ ನಿಮ್ಮ ಬಸ್ಸಿಗೆ?”

“ಲೇಟಾಯ್ತಮ್ಮ, ಹತ್ತಿ” ಎಂದರು ಅವರು.

ಅಕ್ಕ ಹಿಂದಿನಿಂದ ಹತ್ತಿ ಹಲಗೆಯ ಮೇಲೆ ಕೂತರು. ಶೋಭಾ ಹಾರಿ ಹತ್ತಿ ತಾಯಿಯನ್ನು ತಬ್ಬಿಕೊಂಡಳು. ನಾನು ಬಾಗಿಲು ಎಳೆದುಕೊಳ್ಳಲು ತಿರುಗಿದಾಗ ಅಕ್ಕ ಹೊರಬಂದ ಆ ಜಾಗದಲ್ಲೇ, ಸ್ವಲ್ಪ ಒಳಗೆ, ಕಬ್ಬು ಇನ್ನೊಂದು ಸಲ ಅಲುಗಿ ನಿಂತಿತು. ನಾನು ಏನನ್ನೂ ಕಾಣಲಿಲ್ಲ. ಸಿದ್ದರಾಜು ಕಂಡನೋ ಏನೋ, ಬಾನೆಟ್ಟಿನ ಮೇಲೆ ಬಡಿದು, “ಓಗಿ ಸಾ, ಓಗಿ, ನಿಲ್ಬ್ಯಾಡಿ!” ಎಂದ.

 ಮನೆ ಮುಂದೆ ನಿಲ್ಲಿಸಿದ ಮೇಲೆ ಸ್ಟೇರಿಂಗಿನಿಂದ ಅವರ ಬೆರಳುಗಳನ್ನು ಅಳಿಯ ಒಂದೊಂದಾಗಿ ಬಿಡಿಸಬೇಕಾಯಿತು. ಅಕ್ಕ ತಾವಾಗಿಯೇ ಇಳಿದು, ಹಸಿರು ಬಾಗಿಲು ತಳ್ಳಿ, ದೀಪ ಹಚ್ಚಿದರು.

ಬೀದಿಯವರೆಲ್ಲ ಬಂದು ಚಿರತೆಯ ಕಥೆ ಕೇಳಿದರು. ನಾನೇ ಹೇಳಿ ಹೇಳಿ ಅದಕ್ಕೆ ಬಾಲ, ಮೀಸೆ ಎಲ್ಲ ಬರತೊಡಗಿತು. ಅವರು ಆ ಗುಂಪಿಗೆ ಸೇರದೆ ತಮ್ಮ ಜಗಲಿಯಲ್ಲೇ ಕೂತಿದ್ದರು. ಮೂಲೆಮನೆ ಅಜ್ಜಿ, “ಗಂಡ ಅಂದ್ರೆ ಹಿಂಗಿರ್ಬೇಕು. ಧ್ವನಿ ಕೇಳಿ ಬಂದ್ಬಿಟ್ಲಲ್ಲ” ಎಂದು ಕಣ್ಣೊರೆಸಿಕೊಂಡಾಗ ಅವರು ಎದ್ದು ಒಳಗೆ ಹೋಗಿಬಿಟ್ಟರು.

ಅದು ಯಾಕೆಂದು ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವರ ಮನೆಗೆ ಕೊತ್ತಂಬರಿ ಸೊಪ್ಪು ಕೊಡಲು ಹೋಗಿದ್ದೆ. ಅಕ್ಕ ಮಲಗಿದ್ದರು, ಅವರೊಬ್ಬರೇ ಟೀ ಕುಡಿಯುತ್ತ ಕೂತಿದ್ದರು.

“ಎಲ್ರೂ ಚಿರತೆ ಚಿರತೆ ಅಂತಾರೆ” ಎಂದರು. “ಚಿರತೆಗೆ ದೊಣ್ಣೆ ಅದೆ, ಬೋನದೆ. ನಂಗೆ ಅದಲ್ಲ ಕಣಮ್ಮ ಭಯ. ಅವತ್ತು ಅವಳು ನನ್ನ ನೋಡಿ ಹತ್ಲಿಲ್ಲ. ಬಸ್ಸು ಅಂತ ಹತ್ತಿದ್ಳು. ನಂಜನಗೂಡು ಅಂತ ಯಾರು ಕೂಗಿದ್ರೂ ಹತ್ತೋಳೇ. ಯಾರ ಗಾಡಿಗೆ ಬೇಕಾದ್ರೂ.”

ಅವರ ಕೈಯಲ್ಲಿದ್ದ ಲೋಟದಿಂದ ಟೀ ತುಳುಕಿ ಪಂಚೆಯ ಮೇಲೆ ಬಿತ್ತು.  ಹಾಗೆಲ್ಲ ಆಗುವುದಿಲ್ಲ ಬಿಡಿ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹಾಗೇ ಆಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆನಲ್ಲ.

ಆಮೇಲೆ ಗಾಡಿ ಬೀದಿ ಬಿಟ್ಟು ಕದಲಲಿಲ್ಲ. ನಾಲ್ಕು ಗಂಟೆಗೆ ಅಕ್ಕ “ಮನೆಗೋಗಣ” ಎಂದರೆ ಹಿಂದಿನ ಬಾಗಿಲು ತೆಗೆದು ಹತ್ತಿಸುವರು. ಹೊರಗಿನಿಂದ ಚಿಲಕ ಹಾಕಿ, ಮುಂದೆ ಹೋಗಿ ಕೂತು, ಇಂಜಿನ್ ಶುರು ಮಾಡುವರು. ಗಾಡಿ ನಿಂತಲ್ಲೇ ಗುರುಗುಡುತ್ತಿತ್ತು. ಅಕ್ಕ ಕಿಟಕಿಯಿಂದ ನಮ್ಮ ಜಗಲಿ, ನಮ್ಮ ದಾಸವಾಳದ ಗಿಡ, ಒಣಹಾಕಿದ ಬಟ್ಟೆ ಎಲ್ಲವನ್ನೂ ದಾರಿಯಲ್ಲಿ ಸಿಕ್ಕ ಊರುಗಳ ಹಾಗೆ ನೋಡುತ್ತ ಕೂರುವರು. ಸ್ವಲ್ಪ ಹೊತ್ತಿಗೆ ಅವರು ಇಂಜಿನ್ ಆರಿಸಿ, “ಬಂತು, ಇಳೀರಿ” ಎನ್ನುವರು. ಅಕ್ಕ ಇಳಿದು, ತಮ್ಮ ಮನೆಯನ್ನೇ ನೋಡಿ, “ಅಬ್ಬಾ, ಬಂದ್ವಲ್ಲ” ಎಂದು ಒಳಗೆ ಹೋಗುವರು. ಬೀದಿಯ ಹುಡುಗರು ಮೊದಮೊದಲು ನಗುತ್ತಿದ್ದವರು ಆಮೇಲೆ ಆ ಹೊತ್ತಿಗೆ ಗಾಡಿಯ ಮುಂದೆ ಕ್ರಿಕೆಟ್ ಆಡುವುದನ್ನೇ ಬಿಟ್ಟರು.

ಒಂದು ದಿನ ನನ್ನನ್ನು ಕರೆದು ಮುಂದಿನ ಸೀಟಿನಲ್ಲಿ ಕೂರಿಸಿದರು.

“ಇದ್ಯಾಕೆ ನಂಗೆ? ನಾನು ಸೈಕಲ್ ಕೂಡ ಮುಟ್ಟಿದೋಳಲ್ಲ.”

“ಓಡ್ಸೋದು ಬೇಡ. ಶುರು ಮಾಡೋದು ಕಲಿ, ಆರ್ಸೋದು ಕಲಿ. ಇದು ನ್ಯೂಟ್ರಲ್ಲು. ಗೇರು ಹೀಗೆ ಅಲ್ಲಾಡ್ಬೇಕು. ಅಲ್ಲಾಡದಿದ್ರೆ ಕೀ ಮುಟ್ಬೇಡ.”

“ಶೋಭಾಗೆ ಹೇಳ್ಕೊಡಿ.”

“ನಾಲ್ಕು ಗಂಟೆಗೆ ಶೋಭಾ ಶಾಲೇಲಿರ್ತಾಳೆ.”

ಹೇಳಿಕೊಡುವಾಗ ಅವರ ಕೈ ನಡುಗಲಿಲ್ಲ. ಅದನ್ನು ಕಂಡು ನನ್ನ ಕೈ ನಡುಗಿತು.

ಮಳೆಗಾಲ ಹಿಡಿಯುವ ಮೊದಲು, ಒಂದು ಬೆಳಗ್ಗೆ, ಹಲ್ಲುಜ್ಜಿ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಆ ದಿನ ಮನೆ ತುಂಬ ಜನ. ಅಕ್ಕ ಎಲ್ಲರಿಗೂ ಚಾಪೆ ಹಾಸಿ ಕೊಟ್ಟರು. ನನ್ನ ಹತ್ತಿರ ಬಂದು ಪಿಸುದನಿಯಲ್ಲಿ, “ಪಾಪ, ಯಾರಂತೆ?” ಎಂದು ಕೇಳಿದರು. ಶೋಭಾ ಅದನ್ನು ಕೇಳಿಸಿಕೊಂಡು ಗೋಡೆಗೆ ಹಣೆ ಒತ್ತಿ ನಿಂತಳು.

ತಿಥಿಯೆಲ್ಲ ಮುಗಿದು ಬಂದವರು ಹೋದರು. ಶೋಭಾ ಶಾಲೆಗೆ ಹೋಗತೊಡಗಿದಳು. ಅವಳು ಬರುವವರೆಗೆ ಅಕ್ಕ ನನ್ನ ಜೊತೆಗಿರುತ್ತಾರೆ. ಮೊದಲ ದಿನ ನಾಲ್ಕು ಗಂಟೆಗೆ ಅವರು ಎದ್ದು ಸೆರಗು ಸರಿಮಾಡಿಕೊಂಡಾಗ ಹೂ ಕಟ್ಟುತ್ತಿದ್ದ ನನ್ನ ಬೆರಳುಗಳು ನಿಂತವು. ಇವತ್ತು ಕೇಳುತ್ತಾರೆ ಎಂದುಕೊಂಡೆ. ಗಾಡಿ ಓಡಿಸೋರು ಎಲ್ಲಿ, ನೀನ್ಯಾಕೆ ಕೀ ಹಿಡ್ಕೊಂಡಿದ್ದೀಯ ಎಂದು ಕೇಳೇ ಕೇಳುತ್ತಾರೆ. ಏನು ಹೇಳಬೇಕೆಂದು ಬೆಳಗ್ಗೆಯಿಂದ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದೆ.

ಹಿಂದಿನ ಬಾಗಿಲು ತೆಗೆದೆ. ಅಕ್ಕ ಹತ್ತಿ ಕೂತರು. ಚಿಲಕ ಹಾಕಿ ಮುಂದಕ್ಕೆ ಬಂದು ಸೀಟಿನಲ್ಲಿ ಕೂತೆ. ಗೇರು ಅಲ್ಲಾಡಿಸಿ ನೋಡಿದೆ. ಕೀ ತಿರುಗಿಸಿದೆ. ಗಾಡಿ ಗುರುಗುಟ್ಟಿತು. ಕನ್ನಡಿಯಲ್ಲಿ ನೋಡಿದರೆ ಅಕ್ಕ ನನ್ನ ತಲೆಯ ಹಿಂಭಾಗವನ್ನು ಒಮ್ಮೆ ನೋಡಿದರು, ಬಸ್ಸಿನಲ್ಲಿ ಯಾರೇ ಆದರೂ ಡ್ರೈವರನ್ನು ನೋಡುವಷ್ಟೇ. ಆಮೇಲೆ ಕಿಟಕಿಗೆ ತಲೆಯೊರಗಿಸಿ ಗುನುಗತೊಡಗಿದರು.

ಏನೂ ಕೇಳಲಿಲ್ಲ.

ಇಂಜಿನ್ ಹಾಗೇ ಬಿಟ್ಟು ಇಳಿದು ಹಿಂದಕ್ಕೆ ಹೋದೆ. ಚಿಲಕ ಸರಿಯಾಗಿಯೇ ಬಿದ್ದಿತ್ತು. ಆದರೂ ಎಳೆದು ನೋಡಿದೆ. ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಕಣ್ಣಾಡಿಸಿ, ಯಾರೂ ಇಲ್ಲವೆಂದು ಗೊತ್ತಾದ ಮೇಲೆ ಇನ್ನೊಂದು ಸಲ ಎಳೆದೆ.